ದೋಷ ಹುಡುಕುವವರ ಸಂಘಟನೆ: ಡೆಬಿಯನ್ ಕಲಿಸಿದ ಪಾಠ

ಭೌತಶಾಸ್ತ್ರದ ಪ್ರಯೋಗಾಲಯಕ್ಕೆ ಮೊದಲ ಬಾರಿ ಬಂದ ವಿದ್ಯಾರ್ಥಿಯ ಕೈಗೆ ವರ್ನಿಯರ್ ಕ್ಯಾಲಿಪರ್ ಕೊಟ್ಟೊಡನೆ ನಾವು ಹೇಳುವ ಮೊದಲ ಮಾತು, "ಶೂನ್ಯ ದೋಷ ನೋಡು" ಎಂಬುದು. ಅಳೆಯುವ ಕೆಲಸ ಆಮೇಲಿನದು. ಉಪಕರಣದಲ್ಲಿ ದೋಷ ಇರಬಹುದು ಎಂದು ಒಪ್ಪಿಕೊಂಡು, ಅದು ಎಷ್ಟಿದೆ ಎಂದು ಬರೆದಿಟ್ಟುಕೊಂಡ ಮೇಲಷ್ಟೇ ಅಳತೆಗೆ ಬೆಲೆ. ದೋಷವನ್ನು ಮುಚ್ಚಿಟ್ಟ ಪ್ರಯೋಗ ಎಷ್ಟು ಚೆಂದದ ಉತ್ತರ ಕೊಟ್ಟರೂ ಅದು ಪ್ರಯೋಗವಲ್ಲ.

ಈಗ ನಿಮ್ಮ ಕಾಲೇಜಿನ ಕಂಪ್ಯೂಟರಿನ ಕಡೆಗೆ ತಿರುಗಿ. ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್, ಅಂದರೆ ಕಾರ್ಯಾಚರಣ ವ್ಯವಸ್ಥೆ, ಕೋಟ್ಯಂತರ ಸಾಲುಗಳ ಒಂದು ಉಪಕರಣವೇ. ಅದರ ಶೂನ್ಯ ದೋಷವನ್ನು ನೋಡುವವರು ಯಾರು? ಕಂಪನಿಯೊಂದು ತಯಾರಿಸಿ ಮಾರುವ ವ್ಯವಸ್ಥೆಯಾದರೆ ಉತ್ತರ ಸುಲಭ. ಕಂಪನಿ ಪರೀಕ್ಷಕರನ್ನು ಸಂಬಳ ಕೊಟ್ಟು ನೇಮಿಸುತ್ತದೆ, ಇಂಥದ್ದನ್ನು ಇಷ್ಟು ದಿನದೊಳಗೆ ಪರೀಕ್ಷಿಸಿ ಎಂದು ಆದೇಶಿಸುತ್ತದೆ. ಆದರೆ ಒಡೆಯನೇ ಇಲ್ಲದ, ಜಗತ್ತಿನ ನಾನಾ ಮೂಲೆಗಳ ಸ್ವಯಂಸೇವಕರು ಬಿಡುವಿನ ವೇಳೆಯಲ್ಲಿ ಕಟ್ಟುವ ವ್ಯವಸ್ಥೆಯಾದರೆ? ಅಲ್ಲಿ ಆದೇಶ ನೀಡುವವರಿಲ್ಲ. ನೀಡಿದರೂ ಪಾಲಿಸಲೇಬೇಕೆಂಬ ಕಟ್ಟುಪಾಡಿಲ್ಲ.

ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ ಹೀಗಿದೆ: "ಮುಕ್ತ ತಂತ್ರಾಂಶದ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿರುತ್ತದೆ. ಸಾವಿರಾರು ಜನ ನೋಡುವುದರಿಂದ ದೋಷಗಳು ತಾವಾಗಿಯೇ ಸಿಕ್ಕಿಬೀಳುತ್ತವೆ." ಎರಿಕ್ ರೇಮಂಡ್ 1997ರಲ್ಲಿ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಈ ವಿಚಾರಕ್ಕೆ ಲಿನಸ್ ನಿಯಮ ಎಂಬ ಹೆಸರನ್ನೂ ಕೊಟ್ಟರು. ಈ ಮಾತು ಅರ್ಧ ಮಾತ್ರ ನಿಜ. ತೆರೆದಿಟ್ಟ ಪುಸ್ತಕವನ್ನು ಎಲ್ಲರೂ ಓದಬಹುದು, ಆದರೆ ಓದಿಯೇ ಓದುತ್ತಾರೆ ಎನ್ನಲಾಗದು. ನೋಡುವ ಕೆಲಸವನ್ನೂ ಯಾರಾದರೂ ಏರ್ಪಡಿಸಬೇಕು. ಡೆಬಿಯನ್ ಎಂಬ ವ್ಯವಸ್ಥೆಯ ಮೂವತ್ತು ವರ್ಷಗಳ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ.

ಬಿಡಿ ಭಾಗಗಳು ಮತ್ತು ಇಡೀ ಯಂತ್ರ

ಮೊದಲು ಸ್ವಲ್ಪ ಹಿನ್ನೆಲೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನು ಯೋಜನೆಯನ್ನು ಘೋಷಿಸಿದರು. ಯಾರು ಬೇಕಾದರೂ ಬಳಸಿ, ಓದಿ, ತಿದ್ದಿ, ಹಂಚಬಹುದಾದ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟುವುದು ಅದರ ಗುರಿ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಎಂಬ ತಿರುಳನ್ನು ಬರೆದರು. ಈ ತಿರುಳಿನ ಜೊತೆಗೆ ಗ್ನು ಉಪಕರಣಗಳೂ ಬೇರೆ ನೂರಾರು ತಂತ್ರಾಂಶಗಳೂ ಸೇರಿದಾಗ ಬಳಸಬಹುದಾದ ಒಂದು ವ್ಯವಸ್ಥೆಯಾಗುತ್ತದೆ. ಹೀಗೆ ಸೇರಿಸಿ, ಹೊಂದಿಸಿ ಕೊಡುವುದಕ್ಕೆ ವಿತರಣೆ ಎನ್ನುತ್ತಾರೆ. 1993ರ ಆಗಸ್ಟ್ 16ರಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಅಂಥ ಒಂದು ವಿತರಣೆಯನ್ನು ಘೋಷಿಸಿದರು. ಆಗಿನ ಗೆಳತಿ ಡೆಬ್ರಾಳ ಹೆಸರನ್ನೂ ತಮ್ಮ ಹೆಸರನ್ನೂ ಕೂಡಿಸಿ ಅದಕ್ಕೆ ಡೆಬಿಯನ್ ಎಂದು ಕರೆದರು.

ಡೆಬಿಯನ್‌ನಲ್ಲಿ ಪ್ರತಿಯೊಂದು ತಂತ್ರಾಂಶವೂ ಒಂದು ಪ್ಯಾಕೇಜ್. ಪ್ರತಿ ಪ್ಯಾಕೇಜಿಗೂ ಒಬ್ಬ ನಿರ್ವಾಹಕ ಅಥವಾ ಒಂದು ತಂಡ. ತನ್ನ ಪ್ಯಾಕೇಜನ್ನು ತಾನು ಪರೀಕ್ಷಿಸುವುದು ಅವರಿಗೆ ಕಷ್ಟವಲ್ಲ. ಕಷ್ಟ ಇರುವುದು ಕೂಡಿಕೆಯಲ್ಲಿ. ಒಂದು ಪ್ಯಾಕೇಜು ಮತ್ತೊಂದನ್ನು ಅವಲಂಬಿಸುತ್ತದೆ. ಎರಡು ಪ್ಯಾಕೇಜುಗಳು ಒಂದೇ ಹೆಸರಿನ ಕಡತವನ್ನು ಒಂದೇ ಜಾಗದಲ್ಲಿ ಬರೆಯಲು ಹೊರಡಬಹುದು. ಒಂದರ ಹೊಸ ಆವೃತ್ತಿ ಬಂದೊಡನೆ ಮತ್ತೊಂದು ನಿಂತುಹೋಗಬಹುದು.

ಲೆಕ್ಕ ಹಾಕಿ ನೋಡಿ. 1996ರಲ್ಲಿ ಬಂದ ಡೆಬಿಯನ್ 1.1ರಲ್ಲಿ 474 ಪ್ಯಾಕೇಜುಗಳಿದ್ದವು. ಅವುಗಳಲ್ಲಿ ಎರಡೆರಡನ್ನು ಜೋಡಿಸುವ ವಿಧಾನಗಳು 474 × 473 ÷ 2, ಅಂದರೆ 1,12,101. ಸುಮಾರು ಒಂಬತ್ತು ವರ್ಷಗಳ ನಂತರ, 2005ರಲ್ಲಿ ಬಂದ 3.1ರಲ್ಲಿ 15 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು. 15 ಸಾವಿರವೆಂದೇ ಇಟ್ಟುಕೊಂಡರೂ ಜೋಡಿಗಳ ಸಂಖ್ಯೆ 11 ಕೋಟಿ 24 ಲಕ್ಷ ದಾಟುತ್ತದೆ. ಪ್ಯಾಕೇಜುಗಳು ಸುಮಾರು 32 ಪಟ್ಟು ಬೆಳೆದರೆ ಜೋಡಿಗಳು ಸಾವಿರ ಪಟ್ಟು ಬೆಳೆದವು. ಎಲ್ಲ ಜೋಡಿಗಳೂ ಒಂದನ್ನೊಂದು ಮುಟ್ಟುವುದಿಲ್ಲ, ನಿಜ. ಆದರೂ ಕೆಲವೇ ಗೆಳೆಯರು ಕೂತು ಪರೀಕ್ಷಿಸಿ ಮುಗಿಸುವ ಕೆಲಸ ಇದಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಇಲ್ಲದ ಆವೃತ್ತಿ

ಡೆಬಿಯನ್ ಚರಿತ್ರೆಯಲ್ಲಿ 1.0 ಎಂಬ ಬಿಡುಗಡೆಯೇ ಇಲ್ಲವೆಂದರೆ ನಿಮಗೆ ಆಶ್ಚರ್ಯವಾಗಬಹುದು. 0.93ರ ನಂತರ ಬಂದದ್ದು ನೇರವಾಗಿ 1.1.

ಕಾರಣ ಇಷ್ಟು. 1995ರ ಕೊನೆಯಲ್ಲಿ ಸಿ.ಡಿ. ಮಾರಾಟ ಮಾಡುವ ಸಂಸ್ಥೆಯೊಂದು, ಇನ್ನೂ ಅರ್ಧಂಬರ್ಧ ಸಿದ್ಧವಾಗಿದ್ದ ಡೆಬಿಯನ್‌ನ ಪ್ರತಿಯನ್ನು ತಪ್ಪಿ ತನ್ನ ಸಿ.ಡಿ.ಯಲ್ಲಿ ಸೇರಿಸಿ, ಅದಕ್ಕೆ 1.0 ಎಂಬ ಚೀಟಿ ಹಚ್ಚಿಬಿಟ್ಟಿತು. ಆ ಪ್ರತಿ ಸರಿಯಾಗಿ ಆರಂಭವಾಗುವುದೇ ಅನುಮಾನವಾಗಿತ್ತು. ಡಿಸೆಂಬರ್ 11ರಂದು ಡೆಬಿಯನ್ ಬಳಗ ಮತ್ತು ಆ ಸಂಸ್ಥೆ ಒಟ್ಟಾಗಿ ತಪ್ಪನ್ನು ಪ್ರಕಟಿಸಿದವು. ನಿಜವಾದ 1.0 ಯಾವುದು, ಸಿ.ಡಿ.ಯಲ್ಲಿರುವ 1.0 ಯಾವುದು ಎಂಬ ಗೊಂದಲ ಬೇಡವೆಂದು ಮುಂದಿನ ಬಿಡುಗಡೆಗೆ 1.1 ಎಂದು ಸಂಖ್ಯೆ ಕೊಡಲಾಯಿತು.

ಇದರಿಂದ ಬಳಗ ಕಲಿತದ್ದು ಏನು? ಪರೀಕ್ಷೆ ಮುಗಿಯದ ವಸ್ತುವಿಗೆ ಬಿಡುಗಡೆಯ ಸಂಖ್ಯೆಯನ್ನೇ ಕೊಡಬಾರದು. ಆ ಮೇಲೆ ತಯಾರಿಯಲ್ಲಿರುವ ಆವೃತ್ತಿಗಳಿಗೆ ಅಂಕಿಯ ಬದಲು ಅಡ್ಡಹೆಸರು ಇಡುವ ಪದ್ಧತಿ ಬಂತು. ಆಗಿನ ನಾಯಕ ಬ್ರೂಸ್ ಪೆರೆನ್ಸ್ ಪಿಕ್ಸಾರ್ ಚಿತ್ರ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. ಹಾಗಾಗಿ ಟಾಯ್ ಸ್ಟೋರಿ ಚಿತ್ರದ ಪಾತ್ರಗಳ ಹೆಸರುಗಳು ಬಂದವು: ಬಝ್, ರೆಕ್ಸ್, ಪೊಟ್ಯಾಟೊ, ವುಡಿ, ಸಾರ್ಜ್ ಹೀಗೆ. ಮೇಲುನೋಟಕ್ಕೆ ಮಕ್ಕಳಾಟದಂತೆ ಕಾಣುವ ಈ ಹೆಸರುಗಳ ಹಿಂದೆ ಇದ್ದದ್ದು ಗುಣಮಟ್ಟದ ಎಚ್ಚರ.

ದೋಷಗಳ ಬಹಿರಂಗ ದಫ್ತರ

ಸ್ವಯಂಸೇವಕರನ್ನು ಸಂಘಟಿಸಲು ಮೊದಲು ಬೇಕಾದದ್ದು ಎಲ್ಲರೂ ನೋಡಬಹುದಾದ ಒಂದು ದಾಖಲೆ. ಇಯಾನ್ ಜಾಕ್ಸನ್ 1994ರಲ್ಲಿ ಡೆಬಿಯನ್‌ಗಾಗಿ ದೋಷಗಳನ್ನು ದಾಖಲಿಸುವ ವ್ಯವಸ್ಥೆಯೊಂದನ್ನು ಬರೆದರು. ದೋಷ ಕಂಡವರು ಒಂದು ನಿಗದಿತ ವಿಳಾಸಕ್ಕೆ ಇ-ಮೇಲ್ ಕಳಿಸಿದರೆ ಸಾಕು. ಅದಕ್ಕೆ ಒಂದು ಸಂಖ್ಯೆ ಸಿಗುತ್ತದೆ, ಆ ಪ್ಯಾಕೇಜಿನ ನಿರ್ವಾಹಕರಿಗೆ ಪ್ರತಿ ಹೋಗುತ್ತದೆ, ಆ ದೋಷದ ಬಗ್ಗೆ ನಡೆಯುವ ಪತ್ರವ್ಯವಹಾರವೆಲ್ಲ ಆ ಸಂಖ್ಯೆಯ ಅಡಿಯಲ್ಲೇ ಸೇರುತ್ತ ಹೋಗುತ್ತದೆ. ದೋಷ ಸರಿಹೋದಾಗ ಕಡತ ಮುಚ್ಚುತ್ತದೆ, ಆದರೆ ಅಳಿಸಿಹೋಗುವುದಿಲ್ಲ. 2021ರಲ್ಲಿ ಈ ಸಂಖ್ಯೆ ಹತ್ತು ಲಕ್ಷವನ್ನು ಮುಟ್ಟಿತು.

1997ರಲ್ಲಿ ಬಳಗ ಒಪ್ಪಿಕೊಂಡ ಸಾಮಾಜಿಕ ಕರಾರಿನಲ್ಲಿ ಒಂದು ಅಂಶ ಇದಕ್ಕೇ ಸಂಬಂಧಿಸಿದ್ದು: ತೊಂದರೆಗಳನ್ನು ಬಚ್ಚಿಡುವುದಿಲ್ಲ, ದೋಷಗಳ ಕಡತ ಸದಾ ಸಾರ್ವಜನಿಕವಾಗಿರುತ್ತದೆ. ಮಾರುಕಟ್ಟೆಯ ವಸ್ತುಗಳ ತಯಾರಕರು ತಮ್ಮ ದೋಷಗಳ ಪಟ್ಟಿಯನ್ನು ಅಂಗಡಿಯ ಬಾಗಿಲಿಗೆ ತೂಗುಹಾಕುವುದು ಅಪರೂಪ. ಇಲ್ಲಿ ಅದೇ ನಿಯಮವಾಯಿತು.

ದೋಷವರದಿ ಬರೆಯುವುದು ಒಂದು ವಿದ್ಯೆ. "ಸರ್, ಇದು ಕೆಲಸ ಮಾಡ್ತಾ ಇಲ್ಲ" ಎನ್ನುವ ವಿದ್ಯಾರ್ಥಿಯನ್ನು ನಾವೆಲ್ಲ ಬಲ್ಲೆವು. ಅದರಿಂದ ಏನೂ ತಿಳಿಯುವುದಿಲ್ಲ. ಒಳ್ಳೆಯ ವರದಿಯಲ್ಲಿ ನಾಲ್ಕು ಸಂಗತಿ ಇರಬೇಕು. ಯಾವ ಆವೃತ್ತಿ, ಯಾವ ಯಂತ್ರ? ಯಾವ ಯಾವ ಹೆಜ್ಜೆ ಇಟ್ಟಿರಿ? ಏನಾಗಬೇಕೆಂದು ನಿರೀಕ್ಷಿಸಿದಿರಿ? ಏನಾಯಿತು? ಪ್ರಯೋಗದ ದಾಖಲೆ ಪುಸ್ತಕದಲ್ಲಿ ನಾವು ಕೇಳುವುದೂ ಇವನ್ನೇ: ಉಪಕರಣ, ವಿಧಾನ, ಸಿದ್ಧಾಂತದ ಬೆಲೆ, ವೀಕ್ಷಣೆ. ಎರಡರ ಉದ್ದೇಶವೂ ಒಂದೇ. ಬೇರೊಬ್ಬರು ಬೇರೊಂದು ಊರಿನಲ್ಲಿ ಅದೇ ಹೆಜ್ಜೆಗಳನ್ನಿಟ್ಟು ಅದೇ ಫಲವನ್ನು ಕಾಣುವಂತಿರಬೇಕು.

ವರದಿಗಳು ರಾಶಿ ಬಿದ್ದಾಗ ಯಾವುದು ಮೊದಲು ಎಂಬ ಪ್ರಶ್ನೆ ಏಳುತ್ತದೆ. ಡೆಬಿಯನ್ ದೋಷಗಳನ್ನು ತೀವ್ರತೆಯ ಪ್ರಕಾರ ದರ್ಜೆಗಳಾಗಿ ವಿಂಗಡಿಸಿತು. ಇಡೀ ವ್ಯವಸ್ಥೆಯನ್ನೇ ಕೆಡಿಸುವಂಥದ್ದು ಎಲ್ಲಕ್ಕಿಂತ ಮೇಲಿನ ದರ್ಜೆ. ಆ ಪ್ಯಾಕೇಜನ್ನು ಬಳಸಲಾಗದಂತೆ ಮಾಡುವುದು ಅಥವಾ ದತ್ತಾಂಶವನ್ನು ನಾಶಮಾಡುವುದು ಎರಡನೆಯದು. ಬಳಗದ ನಿಯಮಾವಳಿಯನ್ನು ಗಂಭೀರವಾಗಿ ಮೀರುವುದು ಮೂರನೆಯದು. ಈ ಮೂರೂ ಬಿಡುಗಡೆಯನ್ನು ತಡೆಯುವ ದೋಷಗಳು. ಉಳಿದವು ಕೆಳಗಿನ ದರ್ಜೆಯವು. "ಹೀಗಿದ್ದರೆ ಚೆನ್ನಾಗಿತ್ತು" ಎನ್ನುವ ಕೋರಿಕೆಗೂ ಕೊನೆಯಲ್ಲೊಂದು ಸ್ಥಾನವಿದೆ. ಹೀಗೆ ವಿಂಗಡಿಸಿದ ಮೇಲೆ "ಸಿದ್ಧವಾಯಿತೇ?" ಎಂಬ ಪ್ರಶ್ನೆ ಅಭಿಪ್ರಾಯಕ್ಕೆ ಸೇರಿದ್ದಾಗಿ ಉಳಿಯಲಿಲ್ಲ. ತಡೆಯುವ ದೋಷಗಳು ಎಷ್ಟು ಉಳಿದಿವೆ ಎಂಬ ಅಂಕಿಯೇ ಉತ್ತರ ಹೇಳುತ್ತಿತ್ತು.

ಕಾಯುವ ಕೋಣೆ

2000ದವರೆಗೆ ಡೆಬಿಯನ್‌ನಲ್ಲಿ ಮುಖ್ಯವಾಗಿ ಎರಡು ಹಂತಗಳಿದ್ದವು. ಹೊಸ ಪ್ಯಾಕೇಜುಗಳು ಬಂದು ಬೀಳುವ ಅಸ್ಥಿರ ವಿಭಾಗ ಒಂದು, ಬಳಕೆದಾರರ ಕೈಗೆ ಹೋಗುವ ಸ್ಥಿರ ವಿಭಾಗ ಇನ್ನೊಂದು. ಅಸ್ಥಿರ ವಿಭಾಗದ ಹೆಸರು ಸಿಡ್. ಚಿತ್ರದಲ್ಲಿ ಆಟಿಕೆಗಳನ್ನೆಲ್ಲ ಮುರಿದು ಹಾಕುವ ಪಕ್ಕದ ಮನೆಯ ಹುಡುಗನ ಹೆಸರು ಅದು! ಬಿಡುಗಡೆಯ ಸಮಯ ಬಂದಾಗ ಅಸ್ಥಿರ ವಿಭಾಗವನ್ನೇ ಸ್ತಬ್ಧಗೊಳಿಸಿ, ಅದರೊಳಗಿನ ದೋಷಗಳನ್ನು ತಿಂಗಳುಗಟ್ಟಲೆ ಸರಿಪಡಿಸುತ್ತ ಕೂರಬೇಕಿತ್ತು.

2000ದ ಡಿಸೆಂಬರಿನಲ್ಲಿ ಆಂಥನಿ ಟೌನ್ಸ್ ರೂಪಿಸಿದ ಮೂರನೆಯ ಹಂತ ಜಾರಿಗೆ ಬಂತು. ಅದಕ್ಕೆ ಪರೀಕ್ಷಾ ವಿಭಾಗ ಎನ್ನೋಣ. ಹೊಸ ಪ್ಯಾಕೇಜು ಮೊದಲು ಅಸ್ಥಿರ ವಿಭಾಗಕ್ಕೆ ಬರುತ್ತದೆ. ಅಲ್ಲಿ ಅದು ತುರ್ತಿಗೆ ಅನುಸಾರವಾಗಿ 10, 5 ಅಥವಾ 2 ದಿನ ಕಾಯಬೇಕು. ಆ ಅವಧಿಯಲ್ಲಿ ಬಿಡುಗಡೆಯನ್ನು ತಡೆಯುವಂಥ ಹೊಸ ದೋಷ ವರದಿಯಾಗಬಾರದು. ಬೆಂಬಲಿತ ಬಗೆಬಗೆಯ ಯಂತ್ರಗಳಲ್ಲಿ ಅದು ಸಿದ್ಧವಾಗಬೇಕು. ಅವಲಂಬಿಸಿದ ಪ್ಯಾಕೇಜುಗಳೆಲ್ಲ ಪರೀಕ್ಷಾ ವಿಭಾಗದಲ್ಲಿ ಸಿಗುವಂತಿರಬೇಕು. ಇಷ್ಟೂ ಪೂರೈಸಿದರೆ ಒಂದು ಕಾರ್ಯಕ್ರಮವೇ ಅದನ್ನು ಮುಂದಿನ ಕೋಣೆಗೆ ಸಾಗಿಸುತ್ತದೆ.

ಇದರ ಜಾಣ್ಮೆಯನ್ನು ಗಮನಿಸಿ. ಹೊಸತನ್ನು ಇಷ್ಟಪಡುವ ಕೆಲವು ಸಾವಿರ ಮಂದಿ ಅಸ್ಥಿರ ವಿಭಾಗವನ್ನು ದಿನನಿತ್ಯ ಬಳಸುತ್ತಾರೆ. ಅವರಿಗೆ ಯಾರೂ ಪರೀಕ್ಷಕರೆಂಬ ಪಟ್ಟ ಕಟ್ಟಿಲ್ಲ. ತಮ್ಮ ಕೆಲಸ ಮಾಡಿಕೊಳ್ಳುತ್ತಲೇ, ಏನಾದರೂ ಕೆಟ್ಟಾಗ ವರದಿ ಕಳಿಸುತ್ತಾರೆ. ಅವರ ಬಳಕೆಯೇ ಪರೀಕ್ಷೆ. ಕಾಯುವ ನಿಯಮ ಮಾಡಿದ್ದು ಇಷ್ಟೇ: ಅವರ ಅನುಭವ ಹಿಂದಿರುವ ಲಕ್ಷಾಂತರ ಜನರನ್ನು ಕಾಪಾಡಲು ಬೇಕಾದ ಸಮಯವನ್ನು ಅದು ಒದಗಿಸಿತು.

ಆದೇಶವಿಲ್ಲದೆ ಕೆಲಸ

ದೋಷ ಕಂಡುಹಿಡಿದರೆ ಅರ್ಧ ಕೆಲಸ, ಸರಿಪಡಿಸಬೇಕಲ್ಲ? ಬೇಸರದ ದೋಷವನ್ನು ಸರಿಪಡಿಸು ಎಂದು ಸ್ವಯಂಸೇವಕನಿಗೆ ಆಜ್ಞೆ ಮಾಡಲಾಗದು. ಪ್ಯಾಕೇಜಿನ ನಿರ್ವಾಹಕ ಪರೀಕ್ಷೆಗೆ ಓದುತ್ತಿರಬಹುದು, ಮನೆಯಲ್ಲಿ ಕಾಯಿಲೆ ಇರಬಹುದು, ಆಸಕ್ತಿಯೇ ಹೋಗಿರಬಹುದು. ಇದಕ್ಕೆ ಡೆಬಿಯನ್ ಎರಡು ಉಪಾಯ ಕಂಡುಕೊಂಡಿತು.

ಒಂದು, ದೋಷ ನಿವಾರಣೆಯ ಕೂಟಗಳು. ವಾರಾಂತ್ಯದಲ್ಲಿ ಒಂದು ಊರಿನ ಹತ್ತಿಪ್ಪತ್ತು ಮಂದಿ ಯಾವುದಾದರೂ ಕಚೇರಿಯಲ್ಲೋ ಕಾಲೇಜಿನಲ್ಲೋ ಸೇರುತ್ತಾರೆ. ದೂರದವರು ಅಂತರಜಾಲದ ಮೂಲಕ ಜೊತೆಯಾಗುತ್ತಾರೆ. ಬಿಡುಗಡೆಯನ್ನು ತಡೆಯುವ ದೋಷಗಳ ಪಟ್ಟಿಯನ್ನು ಹರಡಿಕೊಂಡು ಒಬ್ಬೊಬ್ಬರು ಒಂದೊಂದನ್ನು ಹಿಡಿಯುತ್ತಾರೆ. ಒಬ್ಬರೇ ಕೂತರೆ ಬೇಸರ ತರುವ ಕೆಲಸ, ಮುಯ್ಯಾಳಿನ ಗದ್ದೆ ನಾಟಿಯಂತೆ, ಕೂಡಿ ಮಾಡಿದಾಗ ಹಗುರವಾಗುತ್ತದೆ. ಹೊಸಬರು ಹಳಬರ ಪಕ್ಕ ಕೂತು ಕಲಿಯುವುದೂ ಇಲ್ಲೇ.

ಎರಡು, ನಿರ್ವಾಹಕನಲ್ಲದವರೂ ದುರಸ್ತಿ ಮಾಡಬಹುದೆಂಬ ನಿಯಮ. ಮೊದಲು ತಿದ್ದುಪಡಿಯನ್ನು ದೋಷದ ಕಡತಕ್ಕೆ ಕಳಿಸಬೇಕು, ನಿರ್ವಾಹಕನಿಗೆ ಕೆಲವು ದಿನ ಅವಕಾಶ ಕೊಡಬೇಕು, ಬೇಕಾದಷ್ಟನ್ನೇ ತಿದ್ದಬೇಕು, ತನ್ನ ಇಷ್ಟದ ಅಲಂಕಾರಗಳನ್ನು ಸೇರಿಸಬಾರದು. ಬೇರೆಯವರ ಮನೆಯ ಸೋರುವ ಮಾಡನ್ನು ಸರಿಪಡಿಸುವಾಗ ಗೋಡೆಗೂ ಬಣ್ಣ ಬಳಿಯಬೇಡಿ ಎಂದ ಹಾಗೆ.

ಇಷ್ಟೆಲ್ಲ ಇದ್ದೂ ತೊಂದರೆ ತಪ್ಪಲಿಲ್ಲ. 3.0 ಆವೃತ್ತಿ 2002ರ ಜುಲೈನಲ್ಲಿ ಬಂತು. ಮುಂದಿನದು ಬಂದದ್ದು 2005ರ ಜೂನ್‌ನಲ್ಲಿ. "ಸಿದ್ಧವಾದಾಗ ಬಿಡುಗಡೆ" ಎಂಬ ನಿಯಮದ ಬೆಲೆ ಸುಮಾರು ಮೂರು ವರ್ಷಗಳ ಕಾಯುವಿಕೆ. ಅಷ್ಟರಲ್ಲಿ ಹೊಸ ಯಂತ್ರಗಳು ಬಂದು, ಹಳೆಯ ಸ್ಥಿರ ಆವೃತ್ತಿ ಅವುಗಳ ಮೇಲೆ ನಡೆಯುವುದೇ ಕಷ್ಟವಾಯಿತು. ಈ ನಡುವೆ, 2004ರ ಅಕ್ಟೋಬರಿನಲ್ಲಿ, ಡೆಬಿಯನ್‌ನ್ನೇ ಬುನಾದಿ ಮಾಡಿಕೊಂಡು ಉಬುಂಟು ಬಂತು. ಆರು ತಿಂಗಳಿಗೊಂದು ಬಿಡುಗಡೆ ಎಂದು ಅದು ದಿನಾಂಕವನ್ನೇ ಗೊತ್ತುಮಾಡಿತು. ಗುಣಮಟ್ಟವೋ ಸಮಯವೋ ಎಂಬ ಈ ಜಗ್ಗಾಟಕ್ಕೆ ಪೂರ್ಣ ಪರಿಹಾರ ಇಲ್ಲ. ಡೆಬಿಯನ್ ಕೂಡ ನಂತರದ ವರ್ಷಗಳಲ್ಲಿ ಸ್ತಬ್ಧಗೊಳಿಸುವ ದಿನವನ್ನು ಮೊದಲೇ ಘೋಷಿಸುವ ಪದ್ಧತಿಗೆ ಬಂದು, ಸುಮಾರು ಎರಡು ವರ್ಷಕ್ಕೊಂದು ಬಿಡುಗಡೆ ಕೊಡತೊಡಗಿತು.

ಇನ್ನೊಂದು ವಿತರಣೆಯಾದ ಫೆಡೋರ ಬೇರೊಂದು ದಾರಿ ಹಿಡಿಯಿತು. ಅಲ್ಲಿ ಪರೀಕ್ಷಾ ದಿನಗಳು ನಡೆಯುತ್ತವೆ. ಒಂದು ದಿನ, ಒಂದು ವಿಷಯ. ಉದಾಹರಣೆಗೆ ಚಿತ್ರಪರದೆಯ ಚಾಲಕ ತಂತ್ರಾಂಶ. ಏನೇನು ಮಾಡಿ ನೋಡಬೇಕೆಂಬ ಹೆಜ್ಜೆಗಳನ್ನು ಮೊದಲೇ ಬರೆದಿಟ್ಟಿರುತ್ತಾರೆ. ಬಂದವರು ತಮ್ಮ ಯಂತ್ರದಲ್ಲಿ ಅವನ್ನು ಮಾಡಿ, ಒಂದು ಕೋಷ್ಟಕದಲ್ಲಿ ಫಲಿತಾಂಶ ತುಂಬುತ್ತಾರೆ. ಪ್ರೋಗ್ರಾಂ ಬರೆಯಲು ಬರಲೇಬೇಕೆಂದಿಲ್ಲ. ಬಿಡುಗಡೆಗೆ ಏನೇನು ಸರಿಯಿರಬೇಕೆಂಬ ಲಿಖಿತ ಮಾನದಂಡಗಳಿವೆ. ಅವು ಪೂರೈಸದಿದ್ದರೆ ಸಭೆ ಸೇರಿ ಮುಂದೂಡುತ್ತಾರೆ. ಅನುಸ್ಥಾಪನೆಯ ತಂತ್ರಾಂಶವನ್ನು ಹೊಸದಾಗಿ ಬರೆದ ಕಾರಣ, 2012ರ ನವೆಂಬರಿಗೆ ಬರಬೇಕಿದ್ದ ಫೆಡೋರ 18 ಹೊರಬಂದದ್ದು 2013ರ ಜನವರಿ 15ರಂದು.

ಬೇಸರವಿಲ್ಲದ ಪರೀಕ್ಷಕ

ಕೆಲವು ಪರೀಕ್ಷೆಗಳು ಮನುಷ್ಯನಿಗೆ ತಕ್ಕವಲ್ಲ. ಸಾವಿರ ಸಲ ಒಂದೇ ಕೆಲಸ ಮಾಡುವಾಗ ಕಣ್ಣು ಸೋಲುತ್ತದೆ. ಅಂಥವನ್ನು ಡೆಬಿಯನ್ ಯಂತ್ರಕ್ಕೆ ಒಪ್ಪಿಸಿತು. 1998ರಿಂದ ಲಿಂಟಿಯನ್ ಎಂಬ ಸಾಧನ ಪ್ಯಾಕೇಜುಗಳು ನಿಯಮಾವಳಿಯಂತೆ ಇವೆಯೇ ಎಂದು ನೋಡುತ್ತಿದೆ. 2005ರಲ್ಲಿ ಲಾರ್ಸ್ ವಿರ್ಜೆನಿಯಸ್ ಬರೆದ ಪಿಯುಪಾರ್ಟ್ಸ್ ಎಂಬ ಸಾಧನ ಪ್ರತಿ ಪ್ಯಾಕೇಜನ್ನೂ ಒಂದು ಖಾಲಿ ವ್ಯವಸ್ಥೆಯಲ್ಲಿ ಸ್ಥಾಪಿಸಿ, ನವೀಕರಿಸಿ, ತೆಗೆದುಹಾಕಿ, ಕೊನೆಗೆ ಏನಾದರೂ ಕಸ ಉಳಿದಿದೆಯೇ ಎಂದು ಹುಡುಕುತ್ತದೆ. ಫ್ರಾನ್ಸಿನ ಗ್ರಿಡ್ 5000 ಎಂಬ ಸಂಶೋಧನಾ ಕಂಪ್ಯೂಟರ್ ಜಾಲವನ್ನು ಬಳಸಿ ಲೂಕಾಸ್ ನುಸ್‌ಬಾಮ್ ಡೆಬಿಯನ್‌ನ ಎಲ್ಲ ಸೋರ್ಸ್ ಪ್ಯಾಕೇಜುಗಳನ್ನೂ ಮೊದಲಿನಿಂದ ಮತ್ತೆ ಕಟ್ಟಿಸಿ, ಕಟ್ಟಲಾಗದವುಗಳ ಬಗ್ಗೆ ದೋಷವರದಿ ಸಲ್ಲಿಸಿದರು. 2013ರಿಂದ ನಡೆದಿರುವ ಇನ್ನೊಂದು ಪ್ರಯತ್ನ, ಒಂದೇ ಸೋರ್ಸ್ ಕೋಡನ್ನು ಇಬ್ಬರು ಬೇರೆ ಬೇರೆ ಕಡೆ ಕಟ್ಟಿದರೆ ಒಂದು ಬಿಟ್ ಕೂಡ ವ್ಯತ್ಯಾಸವಿಲ್ಲದ ಫಲ ಬರಬೇಕು ಎಂಬುದು. ಪುನರಾವರ್ತನೆಯೇ ಪ್ರಯೋಗದ ಪ್ರಾಣ ಎಂದು ಕಲಿಸುವ ನಮಗೆ ಇದು ಹೊಸ ಮಾತಲ್ಲ.

ಕೇಳದ ಪ್ರಶ್ನೆ

ದಫ್ತರ, ದರ್ಜೆ, ಕಾಯುವ ಕೋಣೆ, ಕೂಟಗಳು, ಯಂತ್ರಗಳು. ಇಷ್ಟಿದ್ದೂ ಡೆಬಿಯನ್ ಒಮ್ಮೆ ದೊಡ್ಡ ರೀತಿಯಲ್ಲಿ ಎಡವಿತು. ಆ ಕಥೆಯನ್ನು ವಿಜ್ಞಾನದ ವಿದ್ಯಾರ್ಥಿಗಳು ಅಗತ್ಯ ತಿಳಿಯಬೇಕು.

ಅಂತರಜಾಲದಲ್ಲಿ ಗುಟ್ಟಾಗಿ ಮಾತಾಡಲು ಕಂಪ್ಯೂಟರುಗಳು ಗೂಢ ಕೀಲಿಗಳನ್ನು ತಯಾರಿಸುತ್ತವೆ. ಕೀಲಿ ಯಾರೂ ಊಹಿಸಲಾಗದಂತಿರಬೇಕಾದರೆ ಅದರ ಹುಟ್ಟು ಯಾದೃಚ್ಛಿಕವಾಗಿರಬೇಕು. ಓಪನ್ ಎಸ್ಎಸ್ಎಲ್ ಎಂಬ ತಂತ್ರಾಂಶ ಇದಕ್ಕಾಗಿ ನಾನಾ ಮೂಲಗಳಿಂದ ಯಾದೃಚ್ಛಿಕ ಬಿಟ್‌ಗಳನ್ನು ತಂದು ಒಂದು ಕೊಳದಲ್ಲಿ ಕಲಕುತ್ತದೆ. ವ್ಯಾಲ್‌ಗ್ರೈಂಡ್ ಎಂಬ ಪರೀಕ್ಷಾ ಸಾಧನ, ಇದರಲ್ಲಿ ಬೆಲೆ ತುಂಬದ ಸ್ಮೃತಿಯನ್ನು ಓದಲಾಗುತ್ತಿದೆ ಎಂದು ಎಚ್ಚರಿಸುತ್ತಿತ್ತು. 2006ರಲ್ಲಿ ಅದು ದೋಷವರದಿಯಾಗಿ ಬಂತು. ಡೆಬಿಯನ್‌ನ ನಿರ್ವಾಹಕರು ಮೂಲ ಬಳಗವನ್ನೂ ಕೇಳಿ, ಎಚ್ಚರಿಕೆಗೆ ಕಾರಣವಾದ ಎರಡು ಸಾಲುಗಳನ್ನು ನಿಷ್ಕ್ರಿಯಗೊಳಿಸಿದರು. ಎಚ್ಚರಿಕೆ ನಿಂತಿತು. ಆದರೆ ಆ ಎರಡರಲ್ಲಿ ಒಂದು ಸಾಲೇ ಯಾದೃಚ್ಛಿಕ ಬಿಟ್‌ಗಳನ್ನು ಕೊಳಕ್ಕೆ ಸುರಿಯುವ ಸಾಲಾಗಿತ್ತು.

ಆಮೇಲೆ ಕೊಳದಲ್ಲಿ ಉಳಿದ ಬದಲಾಗುವ ಸಂಗತಿ ಒಂದೇ: ಕಾರ್ಯಕ್ರಮದ ಪ್ರಕ್ರಿಯಾ ಸಂಖ್ಯೆ. ಅದರ ಗರಿಷ್ಠ ಬೆಲೆ ಸುಮಾರು 32 ಸಾವಿರ, ಅಂದರೆ 2ರ 15ನೇ ಘಾತ. ನಾಣ್ಯದ ಭಾಷೆಯಲ್ಲಿ ಹೇಳುವುದಾದರೆ, ಭದ್ರವಾದ ಕೀಲಿಗೆ ಕನಿಷ್ಠ ನೂರಾರು ಸಲ ನಾಣ್ಯ ಚಿಮ್ಮಬೇಕಾದಲ್ಲಿ ಇಲ್ಲಿ ಚಿಮ್ಮಿದ್ದು ಬರೀ 15 ಸಲ. 128 ಸಲ ಚಿಮ್ಮಿದರೆ ಸಾಧ್ಯತೆಗಳ ಸಂಖ್ಯೆ 10ರ 38ನೇ ಘಾತವನ್ನು ಮೀರುತ್ತದೆ. ವಿಶ್ವದ ವಯಸ್ಸಿನಷ್ಟು ಕಾಲ ಹುಡುಕಿದರೂ ಮುಗಿಯದು. 32 ಸಾವಿರ ಕೀಲಿಗಳನ್ನಾದರೆ ಕೆಲವೇ ಗಂಟೆಗಳಲ್ಲಿ ಪಟ್ಟಿ ಮಾಡಿಬಿಡಬಹುದು.

ಈ ಬದಲಾವಣೆ 2006ರ ಸೆಪ್ಟೆಂಬರಿನಲ್ಲಿ ಅಸ್ಥಿರ ವಿಭಾಗಕ್ಕೆ ಬಂತು. ಕಾಯುವ ಕೋಣೆಯಲ್ಲಿ ಕಾದು, ಯಾವ ದೋಷವೂ ವರದಿಯಾಗದೆ, 2007ರ ಏಪ್ರಿಲ್‌ನಲ್ಲಿ ಸ್ಥಿರ ಆವೃತ್ತಿಯಾಗಿ ಜಗತ್ತಿಗೆ ಹೋಯಿತು. ಉಬುಂಟುವಿಗೂ ಹರಡಿತು. 2008ರ ಮೇ 13ರಂದು, ಲೂಸಿಯಾನೊ ಬೆಲ್ಲೊ ಎಂಬ ಡೆಬಿಯನ್ ಸದಸ್ಯ ಕಂಡುಹಿಡಿದ ಮೇಲೆ, ಅದು ಬಹಿರಂಗವಾಯಿತು. ಆ ಇಪ್ಪತ್ತು ತಿಂಗಳಲ್ಲಿ ಆ ವ್ಯವಸ್ಥೆಗಳಲ್ಲಿ ತಯಾರಾದ ಕೀಲಿಗಳನ್ನೆಲ್ಲ ಎಸೆದು ಹೊಸದನ್ನು ಮಾಡಬೇಕಾಯಿತು.

ಯಾಕೆ ಯಾರೂ ಕಾಣಲಿಲ್ಲ? ಸೋರ್ಸ್ ಕೋಡ್ ತೆರೆದೇ ಇತ್ತು. ಬದಲಾವಣೆಯನ್ನೂ ಬಚ್ಚಿಟ್ಟಿರಲಿಲ್ಲ. ಆದರೆ ಎಲ್ಲ ಪರೀಕ್ಷೆಗಳೂ ಕೇಳಿದ್ದು ಒಂದೇ ಪ್ರಶ್ನೆ: "ಇದು ಕೆಲಸ ಮಾಡುತ್ತದೆಯೇ?" ಮಾಡುತ್ತಿತ್ತು. ಕೀಲಿ ತಯಾರಾಗುತ್ತಿತ್ತು, ಬೀಗ ತೆರೆಯುತ್ತಿತ್ತು. "ಸಾವಿರಾರು ಕೀಲಿಗಳನ್ನು ಮಾಡಿ ನೋಡಿದರೆ ಎಲ್ಲವೂ ಬೇರೆ ಬೇರೆಯೇ?" ಎಂದು ಯಾರೂ ಕೇಳಿರಲಿಲ್ಲ. ಪರೀಕ್ಷೆ ತನ್ನನ್ನು ಕೇಳಿದ ಪ್ರಶ್ನೆಗಷ್ಟೇ ಉತ್ತರಿಸುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಇಲ್ಲಿ ಅನಾಹುತಕ್ಕೆ ದಾರಿಯಾದದ್ದು ಸೋಮಾರಿತನವಲ್ಲ. ಒಂದು ಎಚ್ಚರಿಕೆಯನ್ನು ಇಲ್ಲವಾಗಿಸುವ ಶ್ರದ್ಧೆ. ಶೂನ್ಯ ದೋಷ ಯಾಕೆ ಬಂತೆಂದು ಅರಿಯದೆ ಮಾಪಕದ ಗೆರೆಯನ್ನೇ ಅಳಿಸಿದಂತಾಯಿತು.

ಅರ್ಧ ಸೆಕೆಂಡು

ಹದಿನಾರು ವರ್ಷಗಳ ನಂತರ ಇದರ ಇನ್ನೊಂದು ಮುಖ ಕಂಡಿತು. ಎಕ್ಸ್ಝಡ್ ಎಂಬುದು ಕಡತಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶ. ಬಹುಪಾಲು ಲಿನಕ್ಸ್ ವ್ಯವಸ್ಥೆಗಳಲ್ಲಿ ಇದೆ. ಅದನ್ನು ಹೆಚ್ಚುಕಡಿಮೆ ಒಬ್ಬರೇ, ಸಂಬಳವಿಲ್ಲದೆ, ಬಿಡುವಿನಲ್ಲಿ ನಿರ್ವಹಿಸುತ್ತಿದ್ದರು. 2021ರಿಂದ ನೆರವು ನೀಡುವ ನೆಪದಲ್ಲಿ ಬಂದ ಒಂದು ಹೆಸರು ನಿಧಾನವಾಗಿ ಅವರ ನಂಬಿಕೆ ಗಳಿಸಿ, 2024ರ ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ ಬಂದ 5.6.0 ಹಾಗೂ 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದನ್ನು ಹುದುಗಿಸಿತು. ದೂರದಿಂದ ಯಂತ್ರದೊಳಗೆ ಪ್ರವೇಶಿಸುವ ಎಸ್ಎಸ್ಎಚ್ ದ್ವಾರವೇ ಅದರ ಗುರಿ.

ಪೋಸ್ಟ್‌ಗ್ರೆಸ್ ದತ್ತಸಂಚಯದ ಅಭಿವೃದ್ಧಿಯಲ್ಲಿ ತೊಡಗಿರುವ, ಮೈಕ್ರೋಸಾಫ್ಟ್ ಉದ್ಯೋಗಿ ಆಂಡ್ರೆಸ್ ಫ್ರಾಯಿಂಡ್ ಆಗ ಡೆಬಿಯನ್‌ನ ಅಸ್ಥಿರ ವಿಭಾಗದಲ್ಲಿ ವೇಗದ ಮಾಪನಗಳನ್ನು ಮಾಡುತ್ತಿದ್ದರು. ಮಾಪನ ನಿಖರವಾಗಲು ಹಿನ್ನೆಲೆಯ ಗದ್ದಲ ತಗ್ಗಬೇಕೆಂಬುದು ನಿಮಗೆ ಗೊತ್ತು. ಗದ್ದಲ ತಗ್ಗಿಸಹೊರಟಾಗ ಎಸ್ಎಸ್ಎಚ್ ಪ್ರಕ್ರಿಯೆಗಳು ಅನಗತ್ಯವಾಗಿ ಹೆಚ್ಚು ದುಡಿಯುತ್ತಿರುವುದು ಕಂಡಿತು. ಮೊದಲು 0.299 ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಪ್ರವೇಶಕ್ಕೆ ಈಗ 0.807 ಸೆಕೆಂಡು. ವ್ಯತ್ಯಾಸ ಅರ್ಧ ಸೆಕೆಂಡು. ಕೆಲವು ವಾರಗಳ ಹಿಂದೆ ವ್ಯಾಲ್‌ಗ್ರೈಂಡ್ ಕೊಟ್ಟಿದ್ದ ಒಂದು ವಿಚಿತ್ರ ಎಚ್ಚರಿಕೆಯೂ ಅವರಿಗೆ ನೆನಪಾಯಿತು. ಅದೇ ವ್ಯಾಲ್‌ಗ್ರೈಂಡ್! ಈ ಬಾರಿ ಅದರ ಬಾಯಿ ಮುಚ್ಚಿಸುವ ಬದಲು ಕಾರಣ ಹುಡುಕುತ್ತ ಹೋದರು. 2024ರ ಮಾರ್ಚ್ 29ರಂದು ಜಗತ್ತಿಗೆ ಎಚ್ಚರಿಕೆ ಹೋಯಿತು.

ಆ ಆವೃತ್ತಿಗಳು ಡೆಬಿಯನ್‌ನ ಅಸ್ಥಿರ ಮತ್ತು ಪರೀಕ್ಷಾ ವಿಭಾಗಗಳಿಗೆ ಬಂದಿದ್ದವು. ಸ್ಥಿರ ಆವೃತ್ತಿಗೆ ತಲುಪಿರಲಿಲ್ಲ. ಹೊಸತನ್ನು ಕೆಲವರ ಕೈಯಲ್ಲಿ ಮೊದಲು ಕಾಯಿಸುವ ಹಳೆಯ ಏರ್ಪಾಟು ಇಲ್ಲಿ ಜನರನ್ನು ಕಾಪಾಡಿತು. ಆದರೆ ನೆಮ್ಮದಿಯಿಂದ ಕೂರುವಂತಿಲ್ಲ. ಕಳ್ಳಬಾಗಿಲು ಪರೀಕ್ಷಾ ವಿಭಾಗದ ನಿಯಮಗಳನ್ನು ದಾಟಿಯೇ ಬಂದಿತ್ತು. ಅರ್ಧ ಸೆಕೆಂಡನ್ನು ಲಕ್ಷಿಸುವ ಒಬ್ಬರು ಅಲ್ಲಿ ಇಲ್ಲದಿದ್ದರೆ ಮುಂದೆಯೂ ಹೋಗುತ್ತಿತ್ತು. ಸಂಘಟನೆ ಸಮಯವನ್ನು ಒದಗಿಸುತ್ತದೆ, ಜಾಗ ಒದಗಿಸುತ್ತದೆ. ಕುತೂಹಲವನ್ನು ಮಾತ್ರ ವ್ಯಕ್ತಿಯೇ ತರಬೇಕು. ಒಂಟಿಯಾಗಿ ದಣಿದ ಒಬ್ಬ ಸ್ವಯಂಸೇವಕನ ಮೇಲೆ ಇಡೀ ಜಗತ್ತು ಒರಗಿಕೊಳ್ಳುವುದು ಗುಣಮಟ್ಟದ ದೋಷವೇ ಎಂಬುದನ್ನೂ ಈ ಘಟನೆ ತೋರಿಸಿತು.

ನಿಮ್ಮ ಕೈಯಲ್ಲಿರುವ ಪರೀಕ್ಷೆ

2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ರಲ್ಲಿ 69 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಅಧಿಕೃತ ಸದಸ್ಯರು ಸುಮಾರು ಸಾವಿರ ಮಂದಿ. ಅವರ ವಾರ್ಷಿಕ ಸಮ್ಮೇಳನ 2023ರಲ್ಲಿ ನಮ್ಮ ನೆರೆಯ ಕೊಚ್ಚಿಯಲ್ಲಿ ನಡೆಯಿತು. ಇದೆಲ್ಲ ದೂರದವರ ಕೆಲಸ ಎಂದು ನೀವು ಭಾವಿಸಬೇಕಾಗಿಲ್ಲ. ಕೆಲವು ದೋಷಗಳನ್ನು ನಾವಲ್ಲದೆ ಬೇರೆ ಯಾರೂ ಹಿಡಿಯಲಾರರು.

ಒಂದು ಉದಾಹರಣೆ. "ಸೂರ್ಯ" ಎಂದು ಬರೆದಾಗ ಅರ್ಕಾವತ್ತು ಬರಬೇಕು. "ರ‍್ಯಾಂಕ್" ಎಂದು ಬರೆದಾಗ ರಕಾರ ಪೂರ್ಣವಾಗಿ ಉಳಿದು, ಯಕಾರ ಒತ್ತಾಗಿ ಕೆಳಗೆ ಬರಬೇಕು. ಯೂನಿಕೋಡಿನಲ್ಲಿ ಎರಡಕ್ಕೂ ಇರುವ ಅಕ್ಷರಗಳು ಅವೇ: ರ, ಹಲಂತ ಚಿಹ್ನೆ, ಯ. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಜೋಡಣಾ ಚಿಹ್ನೆ ಹೆಚ್ಚಿಗೆ ಇರುತ್ತದೆ. ಅಕ್ಷರ ಮೂಡಿಸುವ ತಂತ್ರಾಂಶ ಇದನ್ನು ತಪ್ಪಾಗಿ ಅರ್ಥಮಾಡಿಕೊಂಡರೆ ಪರದೆಯ ಮೇಲೆ ಏನೋ ಒಂದು ಮೂಡುತ್ತದೆ. ಕನ್ನಡ ಬಾರದ ಪರೀಕ್ಷಕನಿಗೆ ಅದು ಸರಿಯಾಗಿಯೇ ಕಾಣುತ್ತದೆ. ಅವನ ಯಂತ್ರದ ಪರೀಕ್ಷೆಗಳೂ ಪಾಸಾಗುತ್ತವೆ. ತಪ್ಪೆಂದು ಹೇಳಲು ಕನ್ನಡ ಓದುವ ಕಣ್ಣು ಬೇಕು, ಮತ್ತು ಆ ಕಣ್ಣು ಕಂಡದ್ದನ್ನು ಬರೆದು ಕಳಿಸಬೇಕು.

ಅಧ್ಯಾಪಕ ಮಿತ್ರರಲ್ಲಿ ಒಂದು ಸಲಹೆ. ಮುಂದಿನ ವರ್ಷ ನಿಮ್ಮ ವಿದ್ಯಾರ್ಥಿಗಳಿಂದ ಒಂದು ಮಧ್ಯಾಹ್ನದ ಪ್ರಯೋಗವಾಗಿ ಇದನ್ನು ಮಾಡಿಸಿ. ಐವತ್ತು ಕನ್ನಡ ಪದಗಳ ಪಟ್ಟಿ ಮಾಡಿ. ಒತ್ತು, ಅರ್ಕಾವತ್ತು, ದೀರ್ಘ, ಅನುಸ್ವಾರ ಎಲ್ಲ ಬರಲಿ. ಅವನ್ನು ಬೇರೆ ಬೇರೆ ಅಕ್ಷರಶೈಲಿಗಳಲ್ಲಿ, ಬೇರೆ ಬೇರೆ ತಂತ್ರಾಂಶಗಳಲ್ಲಿ ಮೂಡಿಸಿ, ಸರಿ ತಪ್ಪುಗಳನ್ನು ಕೋಷ್ಟಕದಲ್ಲಿ ತುಂಬಲಿ. ಪದವನ್ನು ಅಳಿಸುವಾಗ, ಹುಡುಕುವಾಗ, ಅಕಾರಾದಿಯಲ್ಲಿ ಜೋಡಿಸುವಾಗ ಏನಾಗುತ್ತದೆಂದೂ ನೋಡಲಿ. ತಪ್ಪು ಕಂಡಲ್ಲಿ ನಾಲ್ಕು ಸಂಗತಿಗಳನ್ನು ಬರೆಯಲಿ: ಯಾವ ಆವೃತ್ತಿ, ಏನು ಮಾಡಿದೆ, ಏನು ಬರಬೇಕಿತ್ತು, ಏನು ಬಂತು. ಅದೇ ದೋಷ ಈಗಾಗಲೇ ವರದಿಯಾಗಿದೆಯೇ ಎಂದು ಮೊದಲು ಹುಡುಕಿ, ಇಲ್ಲದಿದ್ದರೆ ಕಳಿಸಲಿ. ಅವರು ಬರೆದ ದಾಖಲೆ ಪುಸ್ತಕ ಕಪಾಟಿನಲ್ಲಿ ಉಳಿಯದೆ ಜಗತ್ತಿನ ಒಂದು ಉಪಕರಣವನ್ನು ಸ್ವಲ್ಪ ಸರಿಪಡಿಸುತ್ತದೆ.

ವರ್ನಿಯರ್ ಹಿಡಿದ ಹುಡುಗ "ಸರ್, ಶೂನ್ಯ ದೋಷ ಪ್ಲಸ್ ಮೂರು ವಿಭಾಗ" ಎಂದು ಹೇಳಿದಾಗ ನಾವು ಅವನನ್ನು ಗದರಿಸುವುದಿಲ್ಲ, "ಬರೆದುಕೋ" ಎನ್ನುತ್ತೇವೆ. ಒಡೆಯನಿಲ್ಲದ ವ್ಯವಸ್ಥೆಯೊಂದು ಮೂವತ್ತು ವರ್ಷ ನಿಂತಿರುವುದು ಹಾಗೆ ಬರೆದುಕೊಂಡವರಿಂದ.